ಪರ್ವೀನ್ ಬರೆಸಿದ ಕಾಗದ

ಪರ್ವೀನ್ ಯಾರನ್ನೂ ಬೈದವಳಲ್ಲ. ಯಾರನ್ನೂ ಕ್ಷಮಿಸಿದವಳೂ ಅಲ್ಲ. ಹರಪನಹಳ್ಳಿಯ ಶಾಲೆಯಲ್ಲಿ ಆರನೆಯ ತರಗತಿಯಲ್ಲಿದ್ದಾಗ ಪಕ್ಕದ ಹುಡುಗಿ ತಾನೇ ಕಿಟಕಿಯ ಗಾಜು ಒಡೆದ ತಪ್ಪನ್ನು ಇವಳ ತಲೆಗೆ ಕಟ್ಟಿದ್ದಳು. ಪರ್ವೀನ್ ಮಾಸ್ತರರ ಕೈಯಿಂದ ಎರಡು ಏಟು ತಿಂದಳು, ಬಾಯಿ ಬಿಡಲಿಲ್ಲ. ಆಮೇಲೆ ಹತ್ತನೆಯ ತರಗತಿ ಮುಗಿಯುವವರೆಗೆ, ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಆ ಹುಡುಗಿಯೊಡನೆ ಒಂದು ಮಾತೂ ಆಡಲಿಲ್ಲ. ನಾಲ್ಕು ವರ್ಷಕ್ಕೂ ಮೇಲೆ. ಕಡೆಗೆ ಆ ಹುಡುಗಿಯೇ ಅಳುತ್ತ ಬಂದು ಮಾಸ್ತರರ ಮುಂದೆ ನಿಜ ಹೇಳಿದಳು. ಪರ್ವೀನ್ ಆಗಲೂ ಮಾತಾಡಿಸಲಿಲ್ಲ.

ಅವಳಪ್ಪ ಖಲಂದರನಿಗೆ ಬಸ್ ನಿಲ್ದಾಣದ ಹಿಂದೆ ಗಡಿಯಾರ ರಿಪೇರಿಯ ಅಂಗಡಿ. ಚಿಕ್ಕವಳಿದ್ದಾಗಿನಿಂದ ಆ ಮೇಜಿನ ಪಕ್ಕ ಕೂತು ಅವಳು ಕಲಿತದ್ದು ಎರಡು: ಉಸಿರು ಬಿಗಿಹಿಡಿದು ಕೆಲಸ ಮಾಡುವುದು, ಮತ್ತು ಯಂತ್ರ ನಿಂತರೆ ಮೊದಲು ಕೊಳೆ ಹುಡುಕುವುದು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ, ೨೦೦೪ರ ಬೇಸಿಗೆಯಲ್ಲಿ, ಹಡಗಲಿಯಿಂದ ಮಾಗಳಕ್ಕೆ ಹೋಗುವ ದಾರಿಯ ಒಂದು ಮಿಡಿಸೌತೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹಡಗಲಿಯಲ್ಲಿ ಚಿಕ್ಕಮ್ಮ ಜಾನಬಿಯ ಮನೆ ಇತ್ತು. ಅಲ್ಲೇ ಉಳಿದುಕೊಂಡಳು.

ಕಿರುಬೆರಳಿನ ಗಾತ್ರದ ಸೌತೆಮಿಡಿಯನ್ನು ಸುತ್ತಲಿನ ಹಳ್ಳಿಗಳವರು ಬೆಳೆದು ತರುತ್ತಿದ್ದರು. ಕಾರ್ಖಾನೆಯವರು ಅದನ್ನು ಗಾತ್ರ ನೋಡಿ ಬೇರ್ಪಡಿಸಿ, ಉಪ್ಪುನೀರಿನ ಪೀಪಾಯಿಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಿದ್ದರು. ಕೊಳ್ಳುವವರಿಗೆ ಪ್ರತಿ ಪೀಪಾಯಿಯ ಜಾತಕ ಬೇಕು: ಯಾವ ಊರು, ಯಾವ ಹೊಲ, ಯಾವತ್ತು ಕಿತ್ತದ್ದು, ಏನು ಔಷಧಿ ಹೊಡೆದದ್ದು. ಅದಕ್ಕಾಗಿ ತಂದ ಪ್ರತಿ ಬುಟ್ಟಿಗೂ ಕಂಪ್ಯೂಟರ್ ಒಂದು ಸಂಖ್ಯೆ ಕೊಡಬೇಕು. ಸಂಖ್ಯೆ ಇಲ್ಲದ ಕಾಯಿಯನ್ನು ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ಆ ಎಲ್ಲ ಮಾಹಿತಿ ಕೂಡಿಟ್ಟ ಕಪ್ಪು ಪೆಟ್ಟಿಗೆಯೊಂದು ತಂಪು ಕೋಣೆಯಲ್ಲಿ ನಿಂತಿತ್ತು. ಆಳೆತ್ತರದ ಅದನ್ನು ಎಲ್ಲರೂ ಸ್ಟೋರೇಜ್ ಎನ್ನುತ್ತಿದ್ದರು. ಅದಕ್ಕೂ ಕಂಪ್ಯೂಟರಿಗೂ ನಡುವೆ ಕಿತ್ತಳೆ ಬಣ್ಣದ ಒಂದು ಸಣ್ಣ ತಂತಿ. ತಂತಿ ಎನ್ನುವುದು ಮಾತಿಗೆ. ಒಳಗಿದ್ದದ್ದು ಕೂದಲೆಳೆಯಂಥ ಗಾಜು, ಅದರೊಳಗೆ ಓಡುತ್ತಿದ್ದದ್ದು ಬೆಳಕು. ತಂತಿಯ ತುದಿ ಪೆಟ್ಟಿಗೆಗೆ ಸೇರುವಲ್ಲಿ ಬೆರಳುದ್ದದ ಲೋಹದ ತುಂಡೊಂದು ಕೂತಿರುತ್ತದೆ. ಟ್ರಾನ್ಸೀವರ್ ಎಂದು ಅದರ ಹೆಸರು. ಅದರ ಮುಖದಲ್ಲಿ ಎರಡು ತೂತು: ಒಂದರಿಂದ ಬೆಳಕು ಹೊರಡುತ್ತದೆ, ಇನ್ನೊಂದರಿಂದ ಬರುತ್ತದೆ. ಬಳಸದಿದ್ದಾಗ ಆ ತೂತುಗಳಿಗೆ ರಬ್ಬರಿನ ಮುಚ್ಚಳ ಹಾಕಿಡಬೇಕು.

ಕೋಣೆಯ ಯಜಮಾನ ಶ್ರೀನಾಥ, ಪರ್ವೀನ್ ಅವನ ಕೈಕೆಳಗೆ. ಅವನು ಕೂಡ್ಲಿಗಿಯವನು, ಎಂಜಿನಿಯರಿಂಗ್ ಓದಿದವನು, ಓದಿದ್ದನ್ನು ಕತ್ತಿನ ಗುರುತಿನ ಚೀಟಿಯಂತೆ ಹೊತ್ತು ತಿರುಗುವವನು. ಆ ವರ್ಷ ನವೆಂಬರಿನಲ್ಲಿ ಟ್ರಾನ್ಸೀವರ್ ಕೆಟ್ಟಿತು. ಶ್ರೀನಾಥ ಊಟಕ್ಕೆ ಹೋಗಿದ್ದ. ಪರ್ವೀನ್ ಸ್ಟೋರ್ ನೋಡಿಕೊಳ್ಳುವ ದುರುಗಪ್ಪನಿಂದ ಹೊಸದನ್ನು ತಂದು ಹಾಕಿದಳು. ದೀಪ ಹತ್ತಲಿಲ್ಲ. ತೆಗೆದು ಮತ್ತೆ ಹಾಕಿದಳು. ಆಗಲೂ ಇಲ್ಲ.

ಶ್ರೀನಾಥ ಬಂದವನೇ, "ಏನ್ ಮಾಡಿದಿ?" ಎಂದ.

"ಹೊಸಾದು ಹಾಕೀನ್ರಿ ಸರ. ದೀಪ ಬರವಲ್ದು. ಒಳಗ ಏನೈತಿ ಅಂತ ಒಂದೀಟು ನೋಡ್ತೀನಿ."

"ಏನ್ ನೋಡ್ತಿ? ಕೈಯಾಗ ಎಣ್ಣಿ ಇಟ್ಕಂಡು ಮುಟ್ಟಿ ಸುಟ್ಟು ಹಾಕಿದಿ. ಇದು ನಿಮ್ಮಪ್ಪನ ಅಲಾರಾಂ ಗಡಿಯಾರ ಅಲ್ಲವ್ವಾ, ಬೆನ್ನಾಗ ಕೀಲಿ ತಿರುವಿದ್ರ ಟಿಕ್ ಟಿಕ್ ಅನ್ನಾಕ!"

ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಅವನು ತುಂಡನ್ನು ಕಿತ್ತು ಕಸದ ಬುಟ್ಟಿಗೆ ಎಸೆದ. ಹುಬ್ಬಳ್ಳಿಯಿಂದ ಎಂಜಿನಿಯರು ಬಂದು ಹೊಸ ತುಂಡು, ಹೊಸ ತಂತಿ ಹಾಕುವ ಹೊತ್ತಿಗೆ ಸಂಜೆಯಾಗಿತ್ತು. ಅಂದಿನ ಕಾಯಿಯೆಲ್ಲ ಬಾಡಿಹೋಯಿತು. ಮರುದಿನ ಶ್ರೀನಾಥ ಅವಳ ಮುಂದೆ ಬಿಳಿ ಹಾಳೆ ಇಟ್ಟು, ತಾನು ಹೇಳುತ್ತ ಹೋದ, ಅವಳಿಂದ ಬರೆಸಿದ: 'ನನ್ನ ಅಜ್ಞಾನ ಮತ್ತು ಅಜಾಗರೂಕತೆಯಿಂದ ಕಾರ್ಖಾನೆಯ ಯಂತ್ರ ಕೆಟ್ಟಿತು. ರೈತರಿಗೆ ತೊಂದರೆಯಾಯಿತು. ಇದರ ಪೂರ್ತಿ ಹೊಣೆ ನನ್ನದು. ನನಗೆ ತಿಳಿಯದ ಯಂತ್ರವನ್ನು ಇನ್ನು ಮುಂದೆ ನಾನು ಮುಟ್ಟುವುದಿಲ್ಲ.' ಕೆಲಸ ಖಾಯಂ ಆಗಿರದವಳು, ಬರೆದು ಸಹಿ ಹಾಕಿದಳು. ಅದನ್ನು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಅವಳಿಂದಲೇ ಓದಿಸಿದರು. ಆಮೇಲೆ ಗೇಟಿನ ಚೌಕಿಗೆ ಹಾಕಿದರು, ರೈತರಿಗೆ ಟೋಕನ್ ಕೊಡುವುದಕ್ಕೆ.

ಅವಳು ಮಾಡಿದ್ದು ಒಂದೇ. ಕಸದ ಬುಟ್ಟಿಯಿಂದ ಆ ತುಂಡನ್ನು ಎತ್ತಿ, ಕರವಸ್ತ್ರದಲ್ಲಿ ಕಟ್ಟಿ, ಭಾನುವಾರ ಹರಪನಹಳ್ಳಿಗೆ ಒಯ್ದಳು.

ಖಲಂದರ ಗಡಿಯಾರದವರ ದುರ್ಬೀನನ್ನು, ಆ ಪುಟ್ಟ ಭೂತಗನ್ನಡಿಯನ್ನು, ಕಣ್ಣಿಗೆ ಸಿಕ್ಕಿಸಿಕೊಂಡು ತೂತಿನೊಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಒಳಗ ಕೆಂಪಗೈತಲ್ಲಮ್ಮಾ," ಎಂದ. "ಇದಕ್ಕ ಯಾರು ಕುಂಕುಮ ಹಚ್ಚಿದ್ದು?"

ಪರ್ವೀನಳಿಗೆ ಆಗ ಎಲ್ಲ ತಿಳಿಯಿತು. ಹಿಂದಿನ ತಿಂಗಳು ಆಯುಧಪೂಜೆ ಆಗಿತ್ತು. ಸ್ಟೋರಿನ ಸಾಮಾನನ್ನೆಲ್ಲ ಸಾಲಾಗಿ ಇಟ್ಟು, ದುರುಗಪ್ಪ ವಿಭೂತಿ ಎಳೆದು ಕುಂಕುಮ ಇಡುತ್ತ ಹೋಗಿದ್ದ. ಎರಡು ತೂತಿನ ಆ ತುಂಡು ಬಂದಾಗ ಶ್ರೀನಾಥ ಹೇಳಿದ್ದು ಅವಳ ಕಿವಿಯಲ್ಲಿ ಹಾಗೇ ಇತ್ತು: "ಮುಚ್ಚಳ ತೆಗದು ಹಚ್ಚಪಾ. ಮುಚ್ಚಿಟ್ಟಿದ್ದು ಪೂಜಿಗೆ ಸಲ್ಲಂಗಿಲ್ಲ." ದುರುಗಪ್ಪ ಎರಡು ಕಣ್ಣಿಗೆ ಇಟ್ಟಂತೆ ಭಕ್ತಿಯಿಂದ ಎರಡು ಬೊಟ್ಟು ಇಟ್ಟಿದ್ದ. ಪೂಜೆ ಮುಗಿದ ಮೇಲೆ ಒರೆಸಿ, ಮುಚ್ಚಳ ಹಾಕಿ, ಡಬ್ಬಿಗೆ ಸೇರಿಸಿದ್ದ. ಹೊರಗಿನದು ಹೋಗಿತ್ತು, ಒಳಗಿನದು ಉಳಿದಿತ್ತು. ಧೂಳಿನ ಒಂದು ಕಣ ಸಾಕು ಬೆಳಕು ಕಟ್ಟಲು. ಇದು ಬೊಟ್ಟು.

"ನಾಳೆನಾ ಹೋಗಿ ಮ್ಯಾನೇಜರ್ ಮುಂದ ಇಡ್ತೀನಿ, ಅಬ್ಬಾ."

"ಇಡಬ್ಯಾಡ." ಖಲಂದರ ದುರ್ಬೀನು ತೆಗೆದು ಮೇಜಿನ ಮೇಲಿಟ್ಟ. "ನೀನು ಹೇಳಿದ್ರ ಟ್ರಾನ್ಸೀವರ್ ಮಾತು ಯಾರೂ ಕೇಳಂಗಿಲ್ಲ. ಸಾಬರ ಹುಡುಗಿ ಪೂಜಿಗೆ ಹೆಸರಿಟ್ಲು ಅಂತಾರ. ಅದು ಬ್ಯಾರೆ ಜಗಳ ಆಗತೈತಿ. ಅಲ್ಲಿ ನೀನು ಗೆಲ್ಲಂಗಿಲ್ಲ, ಊರೂ ಗೆಲ್ಲಂಗಿಲ್ಲ."

"ಹಂಗಾರ ಸುಮ್ನಿರ್ಲಾ?"

"ನಿನ್ನ ಬಾಯಾಗ ಆ ಮಾತು ಬರಬಾರದು ಅಂದೆ. ಅವರ ಬಾಯಾಗ ಬಂದ್ರ ನನ್ನ ತಕರಾರಿಲ್ಲ."

ಖಲಂದರ ಸಾಧು ಮನುಷ್ಯ ಎಂದು ಊರವರು ತಿಳಿದಿದ್ದರು. ಮಗಳು ಯಾರ ಮಗಳು ಎಂದು ಅವರು ಯೋಚಿಸಿರಲಿಲ್ಲ.

ಅಲ್ಲಿಂದ ಎರಡೂವರೆ ವರ್ಷ ಪರ್ವೀನ್ ಗೇಟಿನ ಚೌಕಿಯಲ್ಲಿ ಕೂತಳು. ತಗಡಿನ ಚೌಕಿ, ಏಪ್ರಿಲಿನಲ್ಲಿ ರೊಟ್ಟಿಯ ಹಂಚು. ಕೊಟ್ಟೂರಿನಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ, "ಫ್ಯಾಕ್ಟರಿ ಸುಟ್ಟಾಕಿ ಇಕಿನಾ ಏನು?" ಎಂದು ಕೇಳಿ, ಕೊಟ್ಟ ಚಹಾ ಪೂರ್ತಿ ಕುಡಿದು ಎದ್ದು ಹೋದಳು. ಸಂತೆಯಲ್ಲಿ ಬಳೆ ಮಾರುವ ಜಾನಬಿ ರೇಗಿದಳು: "ಆ ಚೌಕ್ಯಾಗ ಕುಂತು ಮಾರಿ ಕರ್ರಗ ಮಾಡ್ಕಳ್ಳಾಕ ಡಿಪ್ಲೊಮಾ ಓದಿದೇನು? ಬಿಟ್ಟು ಬಾ, ನನ್ನ ಗೂಡ ಬಳಿ ಮಾರು."

"ನನ್ನ ಕೆಲಸ ಮುಗಿದಿಲ್ಲ, ಖಾಲಾ."

"ಟೋಕನ್ ಹರಿಯೂದು ಮುಗಿಯೂ ಕೆಲಸೇನು?"

ಪರ್ವೀನಳಿಗೆ ಬೇಕಾದದ್ದು ಬಡ್ತಿಯಲ್ಲ, ಕೋಣೆಯೊಳಗಿನ ಕುರ್ಚಿಯೂ ಅಲ್ಲ. ತನ್ನಿಂದ ಬರೆಸಿದ ಮಾತುಗಳನ್ನು ಶ್ರೀನಾಥ ತನ್ನ ಕೈಯಿಂದ ಬರೆಯಬೇಕು, ತನ್ನ ಬಾಯಿಂದ ಓದಬೇಕು. ಅಷ್ಟೇ.

ಹುಬ್ಬಳ್ಳಿಯ ಎಂಜಿನಿಯರು ಪೆಟ್ಟಿಗೆಗೆ ಎರಡನೆಯ ತಂತಿಯನ್ನೂ ಎಳೆದು ಹೋಗಿದ್ದ, ಒಂದು ಸತ್ತರೆ ಇನ್ನೊಂದು ಇರಲಿ ಎಂದು. ಎರಡು ಹೊಸ ಟ್ರಾನ್ಸೀವರುಗಳನ್ನೂ ಸ್ಟೋರಿಗೆ ಕೊಟ್ಟಿದ್ದ. ೨೦೦೫ರ ಆಯುಧಪೂಜೆಯ ದಿನ ಪರ್ವೀನ್ ಎಲ್ಲರ ಹಿಂದೆ ನಿಂತು ನೋಡಿದಳು. ಡಬ್ಬಿ ತೆರೆಯಿತು, ಮುಚ್ಚಳಗಳು ಬಿಚ್ಚಿದವು, ದುರುಗಪ್ಪ ಬೊಟ್ಟು ಇಟ್ಟ. ಪ್ರಸಾದವೆಂದು ಕೊಟ್ಟ ಮಂಡಕ್ಕಿ ತಿಂದು ಅವಳು ಚೌಕಿಗೆ ಹೋದಳು. ಮುಂದಿನ ಆಗಸ್ಟಿನಲ್ಲಿ ಆ ಎರಡು ತಂತಿಸಾಲುಗಳಲ್ಲಿ ಒಂದು ಕೆಟ್ಟಿತು. ಶ್ರೀನಾಥ ಹೊಸ ತುಂಡು ಹಾಕಿದ. ಹತ್ತಲಿಲ್ಲ. ಕಂಪನಿಯ ಮಾಲೇ ಸರಿಯಿಲ್ಲ ಎಂದ. ಇನ್ನೊಂದು ಸಾಲು ಇದೆಯಲ್ಲ ಎಂದು ಬಿಟ್ಟ. ಎಚ್ಚರಿಕೆಯ ಹಳದಿ ದೀಪ ಎಂಟು ತಿಂಗಳು ಮಿನುಗುತ್ತಲೇ ಇತ್ತು. ಆ ಅಕ್ಟೋಬರಿನಲ್ಲಿ ಉಳಿದ ಒಂದೇ ತುಂಡಿಗೆ ಮತ್ತೊಮ್ಮೆ ಬೊಟ್ಟು ಬಿತ್ತು. ಪರ್ವೀನ್ ತಡೆಯಬಹುದಿತ್ತು. ಪೂಜೆಯ ಹೆಸರೆತ್ತದೆ, ಮುಚ್ಚಳ ತೆಗೆಯಬೇಡಿ ಎಂದಷ್ಟೇ ಹೇಳಬಹುದಿತ್ತು. ಹೇಳಲಿಲ್ಲ. ಅದನ್ನು ಅವಳು ಮುಂದೆಂದೂ ಮುಚ್ಚಿಟ್ಟವಳಲ್ಲ.

೨೦೦೭ರ ಏಪ್ರಿಲಿನ ಒಂದು ಮಂಗಳವಾರ, ಬೆಳಗಿನ ಒಂಬತ್ತೂವರೆಗೆ, ಉಳಿದ ಸಾಲೂ ಸತ್ತಿತು.

ಗೇಟಿನ ಮುಂದೆ ಕಾಯಿ ಹೊತ್ತು ಬಂದ ಟಂಟಂ ಗಾಡಿಗಳ ಸಾಲು ಬೆಳೆಯತೊಡಗಿತು. ಮೊದಲನೆಯದು ಮಾಗಳದ ಜಂಬಕ್ಕನದು. ಅರವತ್ತು ದಾಟಿದ ಹೆಂಗಸು, ನಸುಕಿಗೆ ಎದ್ದು ತಾನೇ ಕಾಯಿ ಕಿತ್ತು ತಂದಿದ್ದಳು, ಹನ್ನೆರಡು ಬುಟ್ಟಿ.

"ನಿಮ್ಮ ಕಂಪ್ಯೂಟರಿಗೆ ಜ್ವರ ಬಂದಾವೇನವ್ವಾ?" ಎಂದಳು. "ನನ್ನ ಹೊಲದಾಗ ಹುಟ್ಟಿದ ಕಾಯಿಗೆ ನಂಬರ್ ಕೊಡಾಕ ಆ ಡಬ್ಬಿ ಬೇಕೇನು? ನಾನಾ ಹೇಳ್ತೀನಿ ಬರ್ಕಾ: ಜಂಬಕ್ಕ, ಮಾಗಳ, ಹೊಳಿ ದಂಡಿ ಹೊಲ."

"ಕುಂದ್ರು ಜಂಬಕ್ಕಾ. ಬುಟ್ಟಿ ಮ್ಯಾಲ ಹಸಿ ಗೋಣಿ ಹಾಕು."

ಹತ್ತೂವರೆ. ಹನ್ನೊಂದು. ಶ್ರೀನಾಥ ಕೊನೆಯ ತುಂಡು ಹಾಕಿದ ಎಂದು ಸುದ್ದಿ ಬಂತು. ಹತ್ತಲಿಲ್ಲ. ಸತ್ತ ಸಾಲಿನ ತಂತಿಯನ್ನು ಈ ತುಂಡಿಗೆ ಸಿಕ್ಕಿಸಿದ, ಈ ತಂತಿಯನ್ನು ಆ ತುಂಡಿಗೆ. ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಒಂದರ ಕೊಳೆ ಇನ್ನೊಂದಕ್ಕೆ ಅಂಟುತ್ತ ಹೋಗುತ್ತಿತ್ತು. ಚೌಕಿಯಲ್ಲಿ ಕೂತ ಪರ್ವೀನಳಿಗೆ ಅಲ್ಲಿ ಏನು ನಡೆಯುತ್ತಿದೆ ಎಂಬುದು ಕಂಡಷ್ಟೇ ಸ್ಪಷ್ಟ. ಹುಬ್ಬಳ್ಳಿಯವರು ನಾಳೆ ಬರುತ್ತೇವೆ ಎಂದರಂತೆ. ಅವಳು ನೀರು ಕುಡಿದು, ಇನ್ನೊಂದು ಟೋಕನ್ ಹರಿದು ಕೊಟ್ಟಳು.

ಹನ್ನೊಂದೂವರೆಗೆ ಮ್ಯಾನೇಜರ್ ರಾಮಣ್ಣನವರೇ ಗೇಟಿಗೆ ನಡೆದು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಪರ್ವೀನ್, ನಿನಗ ಆ ಪೆಟಗಿ ಗೊತ್ತೈತಲ್ಲ? ಬಾ ಒಮ್ಮೆ."

"ನಾನು ಮುಟ್ಟಂಗಿಲ್ಲ ಅಂತ ಬರಕೊಟ್ಟೀನ್ರಿ ಸರ. ನಿಮ್ಮ ಫೈಲಿನ್ಯಾಗ ಐತಿ."

"ಅದು ಹಳೇ ಮಾತು. ಬಾರವ್ವಾ."

"ಬರ್ತೀನ್ರಿ. ಮುಟ್ಟೂದು ಆಮ್ಯಾಲ ನೋಡೂಣು."

ತಂಪು ಕೋಣೆಯಲ್ಲಿ ಶ್ರೀನಾಥ ನೆಲದ ಮೇಲೆ ಕೂತಿದ್ದ. ದುರುಗಪ್ಪ ಟಾರ್ಚು ಹಿಡಿದು ನಿಂತಿದ್ದ. ಪರ್ವೀನ್ ಕೈಚೀಲದಿಂದ ಗಡಿಯಾರದವರ ದುರ್ಬೀನು ತೆಗೆದು ಶ್ರೀನಾಥನ ಮುಂದೆ ಹಿಡಿದಳು.

"ಆ ತುಂಡು ಹೊರಗ ತೆಗದು ಇದರಾಗ ನೋಡ್ರಿ ಸರ. ನಾನು ಏನೂ ಹೇಳಂಗಿಲ್ಲ. ಒಳಗ ಏನು ಕಾಣಸ್ತೈತಿ, ನೀವಾ ಹೇಳ್ರಿ."

ಅವನು ನೋಡಿದ. ಕಿವಿಗಳು ಕೆಂಪಾದವು. "ಏನೂ ಇಲ್ಲ. ಧೂಳೈತಿ."

"ಯಾವ ಬಣ್ಣದ ಧೂಳ್ರಿ?"

ರಾಮಣ್ಣನವರು ಕಸಿದುಕೊಂಡು ನೋಡಲು ಹೋದರು. ದುರ್ಬೀನು ಕಣ್ಣಿಗೆ ನಿಲ್ಲಲಿಲ್ಲ. ದುರುಗಪ್ಪನೇ ಇಸಿದುಕೊಂಡು, ಹುಬ್ಬು ಬಿಗಿದು, ತೂತಿನೊಳಗೆ ದೃಷ್ಟಿ ನೆಟ್ಟ. ಅವನ ಮುಖ ಅರಳಿತು.

"ಅಯ್ಯ, ನಾನಾ ಹಚ್ಚಿದ ಕುಂಕುಮ ಅಲ್ಲೇನ್ರಿ ಇದು! ದಸರಾದಾಗ ಹಚ್ಚಿದ್ದು ಇನ್ನಾ ಹೆಂಗ ಐತಿ ನೋಡ್ರಿ!"

"ಒಳಗ ಯಾಕ ಹಚ್ಚಿದ್ಯೋ?" ಎಂದರು ರಾಮಣ್ಣನವರು.

"ಶ್ರೀನಾಥ ಸಾಹೇಬ್ರಾ ಹೇಳಿದ್ರಲ್ರಿ, ಮುಚ್ಚಳ ತೆಗದು ಹಚ್ಚಪಾ, ಮುಚ್ಚಿಟ್ಟಿದ್ದು ಪೂಜಿಗೆ ಸಲ್ಲಂಗಿಲ್ಲ ಅಂತ. ಮೂರು ವರ್ಷಾತು, ಒಂದು ದಸರಾನೂ ತಪ್ಪಿಸಿಲ್ರಿ ನಾನು."

ಪರ್ವೀನ್ ಕರವಸ್ತ್ರ ಬಿಚ್ಚಿ, ೨೦೦೪ರ ತುಂಡನ್ನು ಮೇಜಿನ ಮೇಲಿಟ್ಟಳು. "ಇದು ನಾನು ಸುಟ್ಟು ಹಾಕಿದ್ದು ಅಂತ ಕಸದ ಬುಟ್ಟಿಗೆ ಒಗದಿದ್ರು. ಇದನ್ನೂ ನೋಡು ದುರುಗಣ್ಣ." ಅವನು ನೋಡಿದ. ಈ ಸಲ ತಲೆ ತಗ್ಗಿಸಿದ.

"ಈಗ ಏನು ಮಾಡೂದು?" ರಾಮಣ್ಣನವರ ದನಿ ಇಳಿದಿತ್ತು. "ಒಳ್ಳೇದು ಒಂದೂ ಉಳಿದಿಲ್ಲೇನು?"

"ಐತ್ರಿ."

"ಎಲ್ಲಿ?"

"ಹೇಳ್ತೀನ್ರಿ. ಮೊದ್ಲು ಕಾಗದ."

"ಎಂಥಾ ಕಾಗದ?"

"ನನ್ನ ಹತ್ರ ಬರಿಸಿದ್ದು. ಅದನ್ನ ಶ್ರೀನಾಥ ಸರ ಬರೀಬೇಕು."

"ಯಂತ್ರ ಮೊದ್ಲು ನಡಸವ್ವಾ, ಆಮ್ಯಾಲ ಬರಸೂಣಂತ."

"ಆಮ್ಯಾಲ ಅನ್ನೂದು ಎಷ್ಟು ದೂರ ಐತಿ ಅಂತ ನನಗ ಗೊತ್ತೈತ್ರಿ ಸರ. ಗೇಟಿನ್ಯಾಗ ಕುಂತು ನೋಡೀನಿ."

ಶ್ರೀನಾಥ ಎದ್ದು ನಿಂತ. "ಬ್ಲ್ಯಾಕ್‌ಮೇಲ್ ಮಾಡ್ತಿಯೇನು? ಹೊರಗ ರೈತರು ಬಿಸಲಾಗ ಅದಾರ!"

"ಹೌದ್ರಿ. ಅವತ್ತೂ ಇದ್ರು."

ಆ ಹೊತ್ತಿಗೆ ಜಂಬಕ್ಕ ಕಾವಲಿನವನನ್ನು ತಳ್ಳಿಕೊಂಡು ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಬಾಡಿದ ನಾಲ್ಕು ಮಿಡಿ. ಒಳಗಿನ ಮಾತು ಅವಳಿಗೆ ಕೇಳಿಸಿತ್ತು.

"ಯವ್ವಾ, ನಿನಗ ಬ್ಯಾನಿ ಆಗಿರಬೇಕು, ಇಲ್ಲಂದೋರು ಯಾರು? ಆದ್ರ ನಿನ್ನ ಸಿಟ್ಟಿಗೆ ನನ್ನ ಕಾಯಿ ಯಾಕ ಬಾಡಬೇಕು? ನಾನೇನು ಮಾಡೀನಿ ನಿನಗ?"

ಪರ್ವೀನ್ ಅವಳತ್ತ ತಿರುಗಿದಳು. "ನೀನೇನೂ ಮಾಡಿಲ್ಲ ಜಂಬಕ್ಕಾ. ನಿನ್ನ ಮಾತು ಖರೇ ಐತಿ. ಆದ್ರೂ ನಾನು ಇವತ್ತು ಬಿಡಂಗಿಲ್ಲ. ನೀನು ಬೇಕಾದ್ರ ನನ್ನ ಬೈ."

ಜಂಬಕ್ಕ ಬೈದಳು. ಒಳ್ಳೆಯ ಮಾಗಳದ ಬೈಗುಳವನ್ನೇ ಬೈದಳು, ಅವಳ ಏಳು ತಲೆಮಾರು ಎತ್ತಿ. ಪರ್ವೀನ್ ಅದನ್ನು ನಿಂತು ಕೇಳಿದಳು. ಬೈದು ಮುಗಿಸಿದ ಜಂಬಕ್ಕ ಶ್ರೀನಾಥನತ್ತ ತಿರುಗಿ, "ಬರಿಯಲೇ ತಮ್ಮಾ, ನಿನ್ನ ಕೈಗೇನು ಲಕ್ವ ಹೊಡದೈತಿ?" ಎಂದಳು.

ಶ್ರೀನಾಥ ಬರೆದ. ಬರೆದು ಮ್ಯಾನೇಜರಿಗೆ ಕೊಟ್ಟ. ಪರ್ವೀನ್ ಅವರ ಕೈಯಿಂದ ತೆಗೆದುಕೊಂಡು ಓದಿದಳು: 'ಸ್ಟೋರ್ ಕೀಪರ್ ದುರುಗಪ್ಪನವರ ಅಜಾಗರೂಕತೆಯಿಂದ...'

ಅವಳು ಹಾಳೆಯನ್ನು ಎರಡಾಗಿ ಹರಿದಳು.

"ದುರುಗಣ್ಣಗ ಡಬ್ಬಿ ಮ್ಯಾಲಿನ ಇಂಗ್ಲಿಷ್ ಓದಾಕ ಬರಂಗಿಲ್ಲ. ನಿಮಗ ಬರತೈತಿ. ನಾನು ಹೇಳ್ತೀನಿ, ನೀವು ಬರೀರಿ."

ಹೊಸ ಹಾಳೆ ಇಟ್ಟಳು. ಒಂದೊಂದೇ ಮಾತು ನಿಧಾನವಾಗಿ ಹೇಳಿದಳು. ಎರಡೂವರೆ ವರ್ಷದಲ್ಲಿ ಒಂದು ಅಕ್ಷರ ಮರೆತಿರಲಿಲ್ಲ. ನನ್ನ ಅಜ್ಞಾನ ಮತ್ತು ಅಜಾಗರೂಕತೆಯಿಂದ. ಅವನು 'ಅಜ್ಞಾನ'ದ ಬಳಿ ನಿಂತ. ಅವಳು ಕಾದಳು. ಬರೆದ. ಪೂರ್ತಿ ಹೊಣೆ ನನ್ನದು. ಬರೆದ. ನನಗೆ ತಿಳಿಯದ ಯಂತ್ರವನ್ನು ಇನ್ನು ಮುಂದೆ ನಾನು ಮುಟ್ಟುವುದಿಲ್ಲ. ಅಲ್ಲಿ ಅವನು ತಲೆ ಎತ್ತಿ ರಾಮಣ್ಣನವರನ್ನು ನೋಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬರೆದ. ಸಹಿ ಹಾಕಿದ.

ಆಮೇಲೆ ಪರ್ವೀನ್ ಕೈ ತೊಳೆದು ಒರೆಸಿಕೊಂಡು ಪೆಟ್ಟಿಗೆಯ ಹಿಂಬದಿಗೆ ಹೋದಳು. ಅಲ್ಲಿ ಮಾಹಿತಿಯ ನಕಲು ತೆಗೆದಿಡುವ ಟೇಪಿನ ಯಂತ್ರಕ್ಕೆಂದು ಕೂರಿಸಿ, ಆ ಯಂತ್ರ ಬಾರದೆ ಹಾಗೇ ಉಳಿದ ಒಂದು ಟ್ರಾನ್ಸೀವರ್ ಇತ್ತು, ಮುಚ್ಚಳ ಹಾಕಿದಂತೆಯೇ. ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಅವಳು ಅದನ್ನು ನೋಡಿಟ್ಟಿದ್ದಳು. ಪೂಜೆ ಮಾಡುವವರ ಕೈ ಪೆಟ್ಟಿಗೆಯ ಮುಂಭಾಗ ದಾಟಿ ಹೋಗಿರಲಿಲ್ಲ. ಆ ತುಂಡಿನ ಮುಖದ ಪುಟ್ಟ ಲೋಹದ ಹಿಡಿಯನ್ನು ಕೆಳಕ್ಕೆ ಮಡಚಿ ಮೆಲ್ಲಗೆ ಎಳೆದಳು, ಹೊರಬಂತು. ಕಿತ್ತಳೆ ತಂತಿಯ ಎರಡೂ ತುದಿ ಬಿಚ್ಚಿ, ಸ್ಪಿರಿಟ್ ಹಾಕಿದ ನುಣುಪು ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ದುರ್ಬೀನಿನಲ್ಲಿ ನೋಡಿದಳು. ಮತ್ತೆ ಒರೆಸಿದಳು, ಮತ್ತೆ ನೋಡಿದಳು. ಉಸಿರು ಬಿಗಿಹಿಡಿದಿದ್ದಳು. ಹಾಳಾದ ತುಂಡಿನ ಜಾಗದಲ್ಲಿ ಇದನ್ನು ತಳ್ಳಿದಾಗ ಸಣ್ಣಗೆ ಟಕ್ ಎಂದಿತು. ಆಮೇಲೆ ಮುಚ್ಚಳ ತೆಗೆದಳು, ತಂತಿ ಸೇರಿಸಿದಳು. ಹಸಿರು ದೀಪ ಹತ್ತಿತು. ಕೆಲಸಕ್ಕೆ ಹಿಡಿದದ್ದು ಹದಿನೆಂಟು ನಿಮಿಷ. ಕಾಗದಕ್ಕೆ ಮುಕ್ಕಾಲು ಗಂಟೆ ಹಿಡಿದಿತ್ತು.

ಜಂಬಕ್ಕನ ಹನ್ನೆರಡು ಬುಟ್ಟಿಗಳಲ್ಲಿ ಐದನ್ನು ಮೆತ್ತಗಾಗಿವೆ ಎಂದು ತಿರುಗಿ ಕಳಿಸಿದರು. ಹೋಗುವಾಗ ಅವಳು ಪರ್ವೀನಳ ಮುಖ ನೋಡಲಿಲ್ಲ. ಪರ್ವೀನ್ ಅದನ್ನು ಸರಿ ಎಂದೇ ತಿಳಿದಳು, ಕರೆಯಲು ಹೋಗಲಿಲ್ಲ.

ಸಂಜೆ ರಾಮಣ್ಣನವರು ಅವಳ ಹಳೆಯ ಕಾಗದವನ್ನು ಫೈಲಿನಿಂದ ತೆಗೆದು, "ಇದನ್ನ ಹರದು ಹಾಕ್ತೀನವ್ವಾ," ಎಂದರು.

"ಬ್ಯಾಡ್ರಿ. ಎರಡನ್ನೂ ಒಂದಾ ಟ್ಯಾಗಿಗೆ ಹಾಕ್ರಿ. ಒಂದನ್ನ ಓದಿದವ್ರು ಇನ್ನೊಂದನ್ನೂ ಓದಲಿ. ನಾಳೆ ಕ್ಯಾಂಟೀನಿನ್ಯಾಗ ಓದಸ್ರಿ."

"ಅದೂ ಬೇಕೇನು? ಮನುಷ್ಯಾ ಸಣ್ಣಗಾಗ್ಯಾನ."

"ಬೇಕ್ರಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ಯಾಂಟೀನು ತುಂಬಿತ್ತು. ಕಾಯಿ ಆರಿಸುವ ಹೆಂಗಸರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಪರ್ವೀನ್ ಮೊದಲ ಸಾಲಿನಲ್ಲಿ, ಕೈಕಟ್ಟಿ. ಶ್ರೀನಾಥ ಹಾಳೆ ಬಿಡಿಸಿ ಓದಿದ. ಮೊದಲಿನ ಮಾತುಗಳನ್ನು ಬಾಯಿಪಾಠದಂತೆ ಓಡಿಸಿದ. ಹೊಣೆ ನನ್ನದು ಎಂಬಲ್ಲಿ ದನಿ ಇಳಿಸಿದ. ಕೊನೆಯ ಸಾಲು ತುಟಿ ಅಲುಗಿದ್ದಷ್ಟೇ. ಹಾಳೆ ಮಡಚತೊಡಗಿದ.

"ಸರ," ಎಂದಳು ಪರ್ವೀನ್, "ಹಿಂದ ನಿಂತವ್ರಿಗೆ ಕೇಳ್ಸಲಿಲ್ಲ."

ಅವನು ರಾಮಣ್ಣನವರನ್ನು ನೋಡಿದ. ಅವರು ಚಹಾದ ಲೋಟ ನೋಡುತ್ತಿದ್ದರು. ಅವನು ಹಾಳೆಯನ್ನು ಮತ್ತೆ ಬಿಡಿಸಿ, ಮೊದಲಿನಿಂದ ಓದಿದ.